ಸೇನಾ ನಿಯತಕಾಲಿಕಗಳಿಗೆ ಲೇಖನ: ಶಿಸ್ತು ಮತ್ತು ಭಿನ್ನಮತದ ನಡುವೆ

ಆಜ್ಞಾಪಾಲನೆ ಸೈನ್ಯದ ಮೊದಲ ಗುಣ. ಆದರೆ ರೂಢಿಗತ ಯುದ್ಧಪದ್ಧತಿಯನ್ನು ಯಾರೂ ಪ್ರಶ್ನಿಸದ ಸೈನ್ಯವು ತನ್ನ ದೋಷಗಳನ್ನು ರಣರಂಗದಲ್ಲಿಯೇ ಕಂಡುಕೊಳ್ಳಬೇಕಾಗುತ್ತದೆ. ಈ ಎರಡು ಅಗತ್ಯಗಳನ್ನು ಸರಿದೂಗಿಸಲು ರೂಪುಗೊಂಡ ವೇದಿಕೆಯೇ ಸೇನಾ ವೃತ್ತಿಪರ ನಿಯತಕಾಲಿಕ. ಯುದ್ಧತಂತ್ರ, ತರಬೇತಿ, ಶಸ್ತ್ರಾಸ್ತ್ರ, ಸರಬರಾಜು, ಸೇನಾ ಇತಿಹಾಸ ಮೊದಲಾದ ವಿಷಯಗಳನ್ನು ಕುರಿತು ಅಧಿಕಾರಿಗಳು ತಮ್ಮ ಸಹೋದ್ಯೋಗಿಗಳಿಗಾಗಿ ಬರೆಯುವ ಲೇಖನಗಳು ಇಲ್ಲಿ ಪ್ರಕಟವಾಗುತ್ತವೆ. 1909ರಲ್ಲಿ ‘ಫೌಜಿ ಅಖ್ಬಾರ್’ ಎಂಬ ಹೆಸರಿನಿಂದ ಆರಂಭವಾದ ‘ಸೈನಿಕ್ ಸಮಾಚಾರ್’ನಂತಹ ವಾರ್ತಾಪತ್ರಿಕೆಗಳಿಗಿಂತ ಇವು ಭಿನ್ನ. ಅಲ್ಲಿ ಸುದ್ದಿಗೆ ಪ್ರಾಧಾನ್ಯ, ಇಲ್ಲಿ ವಾದಕ್ಕೆ.

ಹಿನ್ನೆಲೆ

ಲಂಡನ್ನಿನ ರಾಯಲ್ ಯುನೈಟೆಡ್ ಸರ್ವಿಸಸ್ ಇನ್‌ಸ್ಟಿಟ್ಯೂಟ್ 1831ರಲ್ಲಿ ಸ್ಥಾಪನೆಗೊಂಡಿತು. ಅದರ ನಿಯತಕಾಲಿಕ 1857ರಲ್ಲಿ ಹೊರಬಂದಿತು. ಭಾರತದಲ್ಲಿ ಬ್ರಿಟಿಷ್ ಸೇನಾಧಿಕಾರಿ ಚಾರ್ಲ್ಸ್ ಮೆಕ್‌ಗ್ರೆಗರ್ 1870ರಲ್ಲಿ ಸಿಮ್ಲಾದಲ್ಲಿ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ ಆಫ್ ಇಂಡಿಯಾ ಸ್ಥಾಪಿಸಿದರು. ಮರುವರ್ಷ ಅದರ ನಿಯತಕಾಲಿಕ ಪ್ರಾರಂಭವಾಯಿತು. ಈ ಸಂಸ್ಥೆ ಈಗ ನವದೆಹಲಿಯಲ್ಲಿದ್ದು, ನಿಯತಕಾಲಿಕವು ತ್ರೈಮಾಸಿಕವಾಗಿ ಪ್ರಕಟವಾಗುತ್ತಿದೆ. ಸಂಸ್ಥೆಯ ಚಿನ್ನದ ಪದಕದ ಪ್ರಬಂಧ ಸ್ಪರ್ಧೆಯೂ ಅಷ್ಟೇ ಹಳೆಯದು. 1872ರಲ್ಲಿ ಈ ಪದಕ ಗಳಿಸಿದ ಫ್ರೆಡರಿಕ್ ರಾಬರ್ಟ್ಸ್ ಮುಂದೆ ಭಾರತದ ಮಹಾದಂಡನಾಯಕರಾದರು.

ಆರಂಭದ ದಶಕಗಳಲ್ಲಿ ಈ ಪುಟಗಳು ಬಹುಮಟ್ಟಿಗೆ ಬ್ರಿಟಿಷ್ ಅಧಿಕಾರಿಗಳ ಚರ್ಚೆಗೆ ಮೀಸಲಾಗಿದ್ದವು. ಭಾರತೀಯರಿಗೆ ಪೂರ್ಣ ಪ್ರಮಾಣದ ಕಮಿಷನ್ ದೊರೆಯತೊಡಗಿದ್ದು ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ. ಕೊಡಗಿನ ಕೆ.ಎಂ. ಕಾರ್ಯಪ್ಪ 1919ರಲ್ಲಿ ಕಮಿಷನ್ ಪಡೆದು, 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜನ್ನು ಪ್ರವೇಶಿಸಿದ ಪ್ರಥಮ ಭಾರತೀಯ ಅಧಿಕಾರಿಯಾದರು. ಪರಿಸ್ಥಿತಿಯನ್ನು ವಿಶ್ಲೇಷಿಸಿ ಸಂಕ್ಷಿಪ್ತವಾಗಿ, ಸ್ಪಷ್ಟವಾಗಿ ಬರೆಯುವುದು ಇಂತಹ ಕಾಲೇಜುಗಳ ಶಿಕ್ಷಣದ ಮುಖ್ಯ ಅಂಗ. ಸ್ವಾತಂತ್ರ್ಯಾನಂತರ ಆ ಹೊಣೆಯನ್ನು ನೀಲಗಿರಿಯ ವೆಲಿಂಗ್ಟನ್‌ನಲ್ಲಿರುವ ಡಿಫೆನ್ಸ್ ಸರ್ವಿಸಸ್ ಸ್ಟಾಫ್ ಕಾಲೇಜು ನಿರ್ವಹಿಸುತ್ತಿದೆ.

ಅನುಮತಿಯ ನಿಯಮ

ಸೇವೆಯಲ್ಲಿರುವ ಅಧಿಕಾರಿಯು ಲೇಖನವನ್ನು ನೇರವಾಗಿ ಸಂಪಾದಕರಿಗೆ ಕಳುಹಿಸುವಂತಿಲ್ಲ. ಸಶಸ್ತ್ರ ಪಡೆಗಳ ಸದಸ್ಯರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸಲು ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಅಧಿಕಾರ ನೀಡಿದೆ. ಭೂಸೇನೆಗೆ ಸಂಬಂಧಿಸಿದಂತೆ 1950ರ ಸೇನಾ ಕಾಯ್ದೆಯ 21ನೇ ಕಲಂ ಹಾಗೂ 1954ರ ಸೇನಾ ನಿಯಮಗಳ 21ನೇ ನಿಯಮ ಅನ್ವಯವಾಗುತ್ತವೆ. ಇವುಗಳ ಪ್ರಕಾರ ರಾಜಕೀಯ ಪ್ರಶ್ನೆ ಅಥವಾ ಸೇವಾ ವಿಷಯ ಕುರಿತು ಪುಸ್ತಕ, ಪತ್ರ ಇಲ್ಲವೇ ಲೇಖನ ಪ್ರಕಟಿಸಲು ಕೇಂದ್ರ ಸರ್ಕಾರದ ಅಥವಾ ಅದು ಗೊತ್ತುಪಡಿಸಿದ ಅಧಿಕಾರಿಯ ಪೂರ್ವಾನುಮತಿ ಅಗತ್ಯ.

ಆದ್ದರಿಂದ ಹಸ್ತಪ್ರತಿ ಮೊದಲು ಮೇಲಧಿಕಾರಿಗಳ ಮೂಲಕ ಸಾಗಬೇಕು. ನಿವೃತ್ತರೂ ಸಂಪೂರ್ಣ ಮುಕ್ತರಲ್ಲ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಅವರಿಗೂ ಅನ್ವಯಿಸುತ್ತದೆ. ತುಕಡಿಗಳ ನೆಲೆ, ಬಲ, ಶಸ್ತ್ರಾಸ್ತ್ರಗಳ ಕೊರತೆ, ಸಂಕೇತ ವ್ಯವಸ್ಥೆ ಇತ್ಯಾದಿ ಗೋಪ್ಯ ವಿವರಗಳಿಗೆ ಲೇಖನದಲ್ಲಿ ಸ್ಥಾನವಿಲ್ಲ. ಈಗಾಗಲೇ ಬಹಿರಂಗವಾಗಿರುವ ಆಕರಗಳನ್ನು ಆಧರಿಸಿ ಬರೆಯುವುದೇ ಸುರಕ್ಷಿತ ಮಾರ್ಗ.

ಬರವಣಿಗೆಯ ಕ್ರಮ

ಸಂಪಾದಕರು ನಿರೀಕ್ಷಿಸುವುದು ವಿಷಯದ ವಿಸ್ತಾರಕ್ಕಿಂತ ಖಚಿತತೆಯನ್ನು. ‘ಪರ್ವತ ಯುದ್ಧ’ ಎಂಬುದು ಒಂದು ಗ್ರಂಥಕ್ಕಾಗುವ ವಸ್ತು. ಎತ್ತರದ ಪ್ರದೇಶದಲ್ಲಿ ಗಾಯಾಳುಗಳನ್ನು ಕೆಳಗಿಳಿಸುವ ವ್ಯವಸ್ಥೆಯ ಒಂದು ನ್ಯೂನತೆ ಲೇಖನಕ್ಕೆ ತಕ್ಕ ವಸ್ತು. ಸಮಸ್ಯೆ ಯಾವುದು, ಈಗಿನ ಪದ್ಧತಿ ಏಕೆ ಸಾಲದು, ಪರಿಹಾರವೇನು, ಅದಕ್ಕೆ ತಗಲುವ ಹಣ ಮತ್ತು ಜನಬಲ ಎಷ್ಟು ಎಂಬ ನಾಲ್ಕು ಪ್ರಶ್ನೆಗಳಿಗೆ ಲೇಖನ ಉತ್ತರಿಸಬೇಕು. ಎದುರು ವಾದವನ್ನು ಪ್ರಾಮಾಣಿಕವಾಗಿ ಮಂಡಿಸಿ ಖಂಡಿಸಿದ ಲೇಖನಕ್ಕೆ ಹೆಚ್ಚಿನ ತೂಕ. ವ್ಯಕ್ತಿನಿಂದೆ, ಬಡ್ತಿ ತಪ್ಪಿದ ಅಸಮಾಧಾನ, ಪಕ್ಷ ರಾಜಕಾರಣ ಸಲ್ಲದು.

ಕಚೇರಿ ಟಿಪ್ಪಣಿಗಳ ಸಂಕ್ಷೇಪಾಕ್ಷರಗಳಿಗೆ ಒಗ್ಗಿಹೋದ ಅಧಿಕಾರಿಗಳು ಸಾಮಾನ್ಯವಾಗಿ ಎಡವುವುದು ಭಾಷೆಯಲ್ಲಿ. ಫಿರಂಗಿದಳದವರ ಸಂಕ್ಷೇಪ ನೌಕಾಪಡೆಯ ಓದುಗರಿಗೆ ಅರ್ಥವಾಗದು. ಅವನ್ನು ಮೊದಲ ಬಳಕೆಯಲ್ಲಿಯೇ ಬಿಡಿಸಿ ಬರೆಯಬೇಕು. ಇನ್ನೊಬ್ಬರ ವಿಚಾರವನ್ನು ಬಳಸಿಕೊಂಡಲ್ಲಿ ಟಿಪ್ಪಣಿಯ ಮೂಲಕ ಋಣ ಸೂಚಿಸಬೇಕು.

ಸಲ್ಲಿಕೆ ಮತ್ತು ಪರಾಮರ್ಶೆ

ಪದಮಿತಿ ಹಾಗೂ ಟಿಪ್ಪಣಿಗಳ ಶೈಲಿ ನಿಯತಕಾಲಿಕದಿಂದ ನಿಯತಕಾಲಿಕಕ್ಕೆ ಬದಲಾಗುವುದರಿಂದ ಲೇಖಕರಿಗಾಗಿ ಪ್ರಕಟಿಸಿದ ಸೂಚನೆಗಳನ್ನು ಮೊದಲೇ ಓದುವುದು ಒಳಿತು. ಲೇಖನದೊಡನೆ ಸಾರಾಂಶ, ಲೇಖಕರ ಕಿರುಪರಿಚಯ, ಬೇರೆಲ್ಲಿಯೂ ಪ್ರಕಟವಾಗಿಲ್ಲವೆಂಬ ಘೋಷಣೆ ಹಾಗೂ ಅಗತ್ಯವಿದ್ದಲ್ಲಿ ಅನುಮತಿ ಪತ್ರ ಲಗತ್ತಿಸುವುದು ವಾಡಿಕೆ. ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಕಡೆ ಕಳುಹಿಸುವುದು ಸಲ್ಲದ ನಡೆ. ಹಲವು ನಿಯತಕಾಲಿಕಗಳು ಹಸ್ತಪ್ರತಿಯನ್ನು ಲೇಖಕರ ಹೆಸರು ಮರೆಮಾಚಿ ವಿಷಯತಜ್ಞರಿಗೆ ಕಳುಹಿಸುತ್ತವೆ. ಆಗ ಜನರಲ್ ಮತ್ತು ಕ್ಯಾಪ್ಟನ್ ಇಬ್ಬರ ವಾದಕ್ಕೂ ಒಂದೇ ತಕ್ಕಡಿ.

ಭಿನ್ನಮತದ ಎರಡು ನಿದರ್ಶನ

ನಿಯಮಗಳೆಲ್ಲವನ್ನೂ ಪಾಲಿಸಿದರೂ ಲೇಖಕನಿಗೆ ಅಪಾಯ ತಪ್ಪದಿರಬಹುದು. ಅಮೆರಿಕದ ಯುವ ಅಧಿಕಾರಿ ಡ್ವೈಟ್ ಐಸೆನ್‌ಹೋವರ್ 1920ರ ನವೆಂಬರ್‌ನಲ್ಲಿ ‘ಇನ್‌ಫೆಂಟ್ರಿ ಜರ್ನಲ್’ನಲ್ಲಿ ಟ್ಯಾಂಕ್‌ಗಳ ಕುರಿತು ಲೇಖನ ಬರೆದರು. ಪದಾತಿದಳದ ಹಿಂದೆ ನಿಧಾನವಾಗಿ ಸಾಗುವುದಷ್ಟೇ ಟ್ಯಾಂಕ್‌ನ ಕೆಲಸವಲ್ಲ ಎಂಬುದು ಅವರ ನಿಲುವು. ಪದಾತಿದಳದ ಮುಖ್ಯಸ್ಥರು ಅವರನ್ನು ಕರೆಸಿ, ಈ ವಿಚಾರಗಳು ತಪ್ಪು ಮಾತ್ರವಲ್ಲ, ಅಪಾಯಕಾರಿ ಎಂದು ಗದರಿಸಿದರು. ಮುಂದುವರಿದರೆ ಕೋರ್ಟ್ ಮಾರ್ಷಲ್ ಎದುರಿಸಬೇಕಾದೀತೆಂಬ ಎಚ್ಚರಿಕೆಯೂ ದೊರೆಯಿತು. ಈ ಪ್ರಸಂಗವನ್ನು ಐಸೆನ್‌ಹೋವರ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಟ್ಯಾಂಕ್‌ಗಳ ವೇಗ ಏನು ಮಾಡಬಲ್ಲದು ಎಂಬುದು 1940ರಲ್ಲಿ ಫ್ರಾನ್ಸ್‌ನ ಪತನದೊಡನೆ ಜಗತ್ತಿಗೇ ತಿಳಿಯಿತು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಅಮೆರಿಕದಲ್ಲಿಯೇ ಇದೆ. ಇರಾಕ್‌ನಲ್ಲಿ ಸೇವೆ ಸಲ್ಲಿಸಿದ್ದ ಬ್ರಿಟಿಷ್ ಬ್ರಿಗೇಡಿಯರ್ ನೈಜೆಲ್ ಐಲ್ವಿನ್ ಫಾಸ್ಟರ್, ಅಲ್ಲಿ ಅಮೆರಿಕದ ಭೂಸೇನೆ ಅನುಸರಿಸಿದ ಕಾರ್ಯವಿಧಾನವನ್ನು ಕಟುವಾಗಿ ವಿಮರ್ಶಿಸಿ ಬರೆದರು. 2005ರ ಕೊನೆಯಲ್ಲಿ ಅದನ್ನು ಪ್ರಕಟಿಸಿದ್ದು ಅದೇ ಸೇನೆಯ ‘ಮಿಲಿಟರಿ ರಿವ್ಯೂ’. ಲೇಖನ ತೀವ್ರ ಚರ್ಚೆಗೆ ಒಳಗಾಯಿತು. 2006ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನೆ ದಂಗೆ ನಿಗ್ರಹ ಕುರಿತ ಹೊಸ ಕೈಪಿಡಿ ಹೊರತಂದಿತು. ಒಂದೇ ಲೇಖನದಿಂದ ಆದ ಬದಲಾವಣೆ ಅದಲ್ಲ. ಆದರೆ ಬದಲಾವಣೆಗೆ ಬೇಕಾದ ವಾದವಿವಾದ ಬಹುಪಾಲು ನಡೆದದ್ದು ಇಂತಹ ಪುಟಗಳಲ್ಲಿಯೇ.

ಗೋಪ್ಯತೆ ಕಾಯಲು ಅನುಮತಿಯ ನಿಯಮ ಬೇಕು. ಅದೇ ನಿಯಮ ಅಹಿತಕರ ಸತ್ಯವನ್ನು ತಡೆಯುವ ಗೋಡೆಯಾದರೆ ನಷ್ಟ ಲೇಖಕನೊಬ್ಬನದಲ್ಲ. ಸಂಪಾದಕರ ಮೇಜಿನ ಮೇಲೆ ಚರ್ಚೆಯಾಗದೆ ಉಳಿದ ದೋಷಕ್ಕೆ ಗಡಿಯಲ್ಲಿರುವ ಸಿಪಾಯಿ ಪ್ರಾಣ ತೆರಬೇಕಾಗುತ್ತದೆ.