ಹಾರ್ಪ್ ಕಲಿಕೆ: ಹೊಸಬರಿಗೆ ಕಿರು ಪರಿಚಯ

ಹಾರ್ಪ್ ಎಂದರೆ ಪ್ರತಿ ಸ್ವರಕ್ಕೂ ಒಂದೊಂದು ಬಿಡಿ ತಂತಿಯಿರುವ ವಾದ್ಯ. ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿಯನ್ನು ಒತ್ತಿ, ಎಳೆದು ಸ್ವರ ಹುಟ್ಟಿಸುತ್ತೇವೆ. ಹಾರ್ಪಿನಲ್ಲಿ ಒತ್ತುವ ಕೆಲಸವಿಲ್ಲ. ಬೇಕಾದ ತಂತಿಯನ್ನು ಮೀಟಿದರಾಯಿತು.

ನಮ್ಮ ಸೀಮೆಯ ನಂಟು

ಹಳೆಯ ತಮಿಳುನಾಡಿನ ಯಾಳ್ ಇದೇ ಜಾತಿಯ ವಾದ್ಯ. ಶಿಲಪ್ಪದಿಕಾರದಲ್ಲಿ ಕೋವಲನ್, ಮಾಧವಿ ಇಬ್ಬರೂ ಕಡಲ ದಡದಲ್ಲಿ ಯಾಳ್ ನುಡಿಸಿ ಹಾಡುತ್ತಾರೆ. ಆ ಹಾಡುಗಳಿಂದಲೇ ಮನಸ್ಸು ಮುರಿದು ಅಗಲುತ್ತಾರೆ. ಅದೇ ಕಥೆಯ ಕಣ್ಣಗಿಯ ಗುಡಿ ಕಂಬಂ ಕಣಿವೆಯ ಮೇಲಿನ ಮಂಗಳಾದೇವಿ ಬೆಟ್ಟದಲ್ಲಿದೆ. ಚಿತ್ರಾ ಪೌರ್ಣಮಿಯಂದು ಗೂಡಲೂರು, ಕುಮಳಿ ಕಡೆಯಿಂದ ಜನ ಅಲ್ಲಿಗೆ ಹೋಗುತ್ತಾರೆ. ಯಾಳ್ ಮಾತ್ರ ಬಳಕೆ ತಪ್ಪಿತು. ಸ್ವಾಮಿ ವಿಪುಲಾನಂದರು ಅದರ ಶಾಸ್ತ್ರವನ್ನು ಅರಸಿ ಬರೆದ 'ಯಾಳ್ ನೂಲ್' 1947ರಲ್ಲಿ ಹೊರಬಂತು.

ವಾದ್ಯ ಮತ್ತು ಕೈ

ಇಂದಿನ ದೊಡ್ಡ ಪೆಡಲ್ ಹಾರ್ಪಿಗೆ 47 ತಂತಿ, 7 ಪೆಡಲ್. ಹೊಸಬರಿಗೆ ಲಿವರ್ ಹಾರ್ಪ್ ಸಾಕು. 34 ತಂತಿಯದು ಸಾಮಾನ್ಯ. ಲಿವರ್ ಎತ್ತಿದರೆ ಆ ತಂತಿ ಅರ್ಧ ಸ್ವರ ಏರುತ್ತದೆ. ಗುರುತಿಗಾಗಿ ಸಿ ತಂತಿ ಕೆಂಪು, ಎಫ್ ತಂತಿ ಕಪ್ಪು ಅಥವಾ ನೀಲಿ. ವಾದ್ಯವನ್ನು ಬಲ ಹೆಗಲಿಗೆ ಒರಗಿಸಬೇಕು. ಹೆಬ್ಬೆರಳು ಮೇಲಕ್ಕಿರಲಿ, ಕಿರುಬೆರಳಿಗೆ ಕೆಲಸವಿಲ್ಲ. ಮೀಟಿದ ಬೆರಳು ಅಂಗೈಯೊಳಗೆ ಮಡಚಿಕೊಳ್ಳಬೇಕು.

ಸರಳೆ ವರಸೆ ಬಲ್ಲವರಿಗೆ

ಪುರಂದರದಾಸರ ಕ್ರಮದಂತೆ ಮಾಯಾಮಾಳವಗೌಳದಿಂದ ಶುರುಮಾಡಲು ಲಿವರ್ ಹಾರ್ಪಿನಲ್ಲಿ ಒಂದು ತೊಡಕಿದೆ. ಸಾಮಾನ್ಯವಾಗಿ ಇದನ್ನು ಇ-ಫ್ಲಾಟ್‌ಗೆ ಶ್ರುತಿ ಮಾಡಿರುತ್ತಾರೆ. ಸಿ ತಂತಿಯನ್ನು ಷಡ್ಜವಾಗಿಟ್ಟು ಇ, ಬಿ ಲಿವರ್‌ಗಳನ್ನು ಎತ್ತಿದರೆ ಗಾಂಧಾರ, ನಿಷಾದ ಸರಿಹೋಗುತ್ತವೆ. ಧೈವತ ಇದ್ದಂತೆಯೇ ಸಿಗುತ್ತದೆ. ಶುದ್ಧ ರಿಷಭಕ್ಕೆ ಮಾತ್ರ ಡಿ ತಂತಿಗಳನ್ನೆಲ್ಲ ಕೀಲಿಯಿಂದ ಅರ್ಧ ಸ್ವರ ಇಳಿಸಬೇಕು. ಮೋಹನಕ್ಕೆ ಈ ತೊಂದರೆಯಿಲ್ಲ: ಇ, ಎ ಲಿವರ್ ಎತ್ತಿ, ಎಫ್, ಬಿ ತಂತಿಗಳನ್ನು ಬಿಟ್ಟರೆ ಸಾಕು. ಮೊದಲ ತಿಂಗಳು ಮೋಹನದ ಗೀತೆಯೇ ಒಳ್ಳೆಯದು.

ಸಿಗದಿರುವುದು ಗಮಕ. ತೋಡಿಯಂಥ ರಾಗ ಹಾರ್ಪಿನಲ್ಲಿ ಒಣಗುತ್ತದೆ. ಆದ್ದರಿಂದ ಹಾರ್ಪಿಗೆ ಸೇರಿಸಿದೆವೆಂದು ಮಕ್ಕಳ ಹಾಡುಗಾರಿಕೆ ಪಾಠ ಬಿಡಿಸಬಾರದು. ಕೈ ನೇರ ಸ್ವರ ನುಡಿಸುವಾಗ ಬಾಯಿ ಗಮಕದೊಡನೆ ಹಾಡುತ್ತಿರಲಿ. ಬಿಟ್ಟರೆ ಕಿವಿ ಅದನ್ನು ಮರೆಯುತ್ತದೆ. ಮತ್ತೆ ಕೂಡಿಸುವುದು ಕಷ್ಟ.

ಇನ್ನೊಂದು ಪಾಠ ನಿಲ್ಲಿಸುವುದು. ಮೀಟಿದ ತಂತಿ ತಾನಾಗಿ ಬೇಗ ಸುಮ್ಮನಾಗದು. ಹಿಂದಿನ ಸ್ವರ ಮುಂದಿನದರ ಮೇಲೆ ಕವಿಯುತ್ತದೆ. ಅಂಗೈಯಿಂದ ತಂತಿಯನ್ನು ಮೆಲ್ಲಗೆ ತಡೆಯುವುದನ್ನೂ ಮೊದಲಿನಿಂದಲೇ ಕಲಿಯಬೇಕು.

ಆರೈಕೆ

ಹೊಸ ನೈಲಾನ್ ತಂತಿ ಕೆಲವು ವಾರ ಹಿಗ್ಗುತ್ತಲೇ ಇರುತ್ತದೆ. ದಿನವೂ ಶ್ರುತಿ ನೋಡಬೇಕು. ದಿಂಡಿಗಲ್ಲಿನ ಬಿಸಿಲಿಗೂ ಕಂಬಂ ಕಣಿವೆಯ ಮಳೆಗಾಲಕ್ಕೂ ಮರ ಬೇರೆಬೇರೆಯಾಗಿ ವರ್ತಿಸುತ್ತದೆ. ಕಿಟಕಿ ಬಿಸಿಲಿನಲ್ಲಿ, ಮುಚ್ಚಿದ ಕಾರಿನಲ್ಲಿ ವಾದ್ಯ ಇಡಬೇಡಿ. ಆರಂಭದಲ್ಲಿ ದಿನಕ್ಕೆ 15–20 ನಿಮಿಷ ಅಭ್ಯಾಸ ಸಾಕು. ಬೆರಳಿನಲ್ಲಿ ಗುಳ್ಳೆ ಎದ್ದರೆ ಆ ದಿನ ಬಿಡಿ. ಊರಿನಲ್ಲಿ ಗುರು ಸಿಗದೆ ವಿಡಿಯೊ ಪಾಠಕ್ಕೆ ಸೇರುವವರು ಮುಖದ ಬದಲು ಕೈಗಳು ಕಾಣುವಂತೆ ಕ್ಯಾಮೆರಾ ಇಡಬೇಕು.