ಒಂದು ಪೆನ್ನಿಯ ವ್ಯಂಗ್ಯಚಿತ್ರ: ಯುದ್ಧಕಾಲದ ಚಿತ್ರಕ್ಕೆ ಎರಡು ಅರ್ಥ

ಸರಳವಾದ ರೇಖಾಚಿತ್ರವೊಂದು ಪ್ರಬಲ ಸರ್ಕಾರವನ್ನೇ ಕೆರಳಿಸಿದ ಪ್ರಸಂಗಗಳು ವ್ಯಂಗ್ಯಚಿತ್ರದ ಚರಿತ್ರೆಯಲ್ಲಿ ಹಲವಿವೆ. ಎರಡನೆಯ ಮಹಾಯುದ್ಧದ ನಡುವೆ, 1942ರ ಮಾರ್ಚ್ ಮೊದಲ ವಾರದಲ್ಲಿ ಲಂಡನ್ನಿನ ‘ಡೈಲಿ ಮಿರರ್’ ಪತ್ರಿಕೆಯಲ್ಲಿ ಪ್ರಕಟವಾದ ಫಿಲಿಪ್ ಜೆಕ್ ಅವರ ಚಿತ್ರ ಅವುಗಳಲ್ಲಿ ಒಂದು. ಆಸಕ್ತ ಓದುಗರಿಗೆ ಅದನ್ನು ಇಲ್ಲಿ ಪರಿಚಯಿಸುತ್ತಿದ್ದೇವೆ.

ಚಿತ್ರದಲ್ಲಿರುವುದು ಇಷ್ಟೇ: ಕತ್ತಲು ಕವಿದ ಕಡಲು, ಹಡಗು ಮುಳುಗಿದ ಬಳಿಕ ತೆಪ್ಪವೊಂದನ್ನು ಹಿಡಿದು ಜೀವ ಉಳಿಸಿಕೊಳ್ಳಲು ಹೆಣಗುತ್ತಿರುವ ಒಬ್ಬ ನಾವಿಕ. ಪೆಟ್ರೋಲ್ ಈಗ ದುಬಾರಿಯಾಗಿದೆ ಎಂಬರ್ಥದ ಅಡಿಬರಹವನ್ನು ಜೆಕ್ ಮೊದಲು ಯೋಚಿಸಿದ್ದರು. ಅದೇ ಪತ್ರಿಕೆಯ ಅಂಕಣಕಾರ ವಿಲಿಯಂ ಕಾನರ್ ಅವರ ಸಲಹೆಯಂತೆ ಅದು ಬದಲಾಯಿತು. ಪೆಟ್ರೋಲ್ ಬೆಲೆ ಒಂದು ಪೆನ್ನಿಯಷ್ಟು ಏರಿದೆ ಎಂಬ ಅಧಿಕೃತ ಪ್ರಕಟಣೆಯ ಧಾಟಿಯ ಮಾತು ಚಿತ್ರದ ಕೆಳಗೆ ಅಚ್ಚಾಯಿತು.

ಆಗ ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ತೈಲ ಹೊತ್ತ ಹಡಗುಗಳನ್ನು ಮುಳುಗಿಸುತ್ತಿದ್ದವು. ‘ಪೆಟ್ರೋಲಿನ ನಿಜವಾದ ಬೆಲೆ ನಾವಿಕರ ಪ್ರಾಣ, ಅದನ್ನು ಪೋಲು ಮಾಡಬೇಡಿ’ ಎಂದು ಹೇಳುವುದೇ ಜೆಕ್ ಅವರ ಉದ್ದೇಶವಾಗಿತ್ತು. ಅನೇಕ ಓದುಗರು ಅದನ್ನು ಹಾಗೆಯೇ ಗ್ರಹಿಸಿದರು.

ಆದರೆ ಸರ್ಕಾರದ ಕಣ್ಣಿಗೆ ಅದು ಬೇರೆಯಾಗಿ ಕಂಡಿತು. ಫೆಬ್ರವರಿ 15ರಂದು ಸಿಂಗಪುರ ಜಪಾನಿಗೆ ಶರಣಾಗಿತ್ತು. ಯುದ್ಧದ ನಿರ್ವಹಣೆಯನ್ನು ‘ಮಿರರ್’ ಮೊದಲಿನಿಂದಲೂ ಕಟುವಾಗಿ ಟೀಕಿಸುತ್ತಿತ್ತು. ಹೀಗಾಗಿ ಪ್ರಧಾನಿ ಚರ್ಚಿಲ್ ಹಾಗೂ ಗೃಹ ಸಚಿವ ಹರ್ಬರ್ಟ್ ಮಾರಿಸನ್ ಅವರಿಗೆ ಈ ಚಿತ್ರವು ‘ತೈಲ ವ್ಯಾಪಾರಿಗಳ ಲಾಭಕ್ಕಾಗಿ ನಾವಿಕರು ಸಾಯುತ್ತಿದ್ದಾರೆ’ ಎಂದು ಜನರ ಕಿವಿಯಲ್ಲಿ ಊದುವಂತೆ ತೋರಿತು. ಮಾರಿಸನ್ ಪತ್ರಿಕೆಯ ಮುಖ್ಯಸ್ಥರನ್ನು ಕರೆಸಿ, ಯುದ್ಧಕಾಲದ ನಿಯಮದಡಿ ಪತ್ರಿಕೆಯನ್ನು ಮುಚ್ಚಿಸಬೇಕಾದೀತೆಂದು ಎಚ್ಚರಿಸಿದರು. ಇದು ಬರಿಯ ಬೆದರಿಕೆಯಾಗಿರಲಿಲ್ಲ. 1941ರಲ್ಲಿ ‘ಡೈಲಿ ವರ್ಕರ್’ ಪತ್ರಿಕೆಯನ್ನು ಅದೇ ನಿಯಮದಡಿ ನಿಲ್ಲಿಸಲಾಗಿತ್ತು. ಯಹೂದಿ ಕುಟುಂಬದಲ್ಲಿ ಜನಿಸಿ, ಹಿಟ್ಲರನನ್ನು ತಮ್ಮ ಕುಂಚದಿಂದಲೇ ಹಣಿಯುತ್ತಿದ್ದ ಜೆಕ್ ಅವರ ಹಿನ್ನೆಲೆಯನ್ನೂ ಗುಪ್ತಚರರು ಶೋಧಿಸಿದರು. ವಿಷಯ ಕಾಮನ್ಸ್ ಸಭೆಯಲ್ಲಿ ಚರ್ಚೆಗೆ ಬಂದಾಗ ಹಲವು ಸದಸ್ಯರು ಪತ್ರಿಕಾ ಸ್ವಾತಂತ್ರ್ಯದ ಪರ ನಿಂತರು. ಪತ್ರಿಕೆ ಉಳಿಯಿತು.

ಮೂರು ವರ್ಷಗಳ ಬಳಿಕ ಜೆಕ್ ಅವರ ಮತ್ತೊಂದು ಚಿತ್ರ ಸಂದರ್ಭದ ಶಕ್ತಿಯನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸಿತು. ಯುರೋಪಿನಲ್ಲಿ ಯುದ್ಧ ಮುಗಿದ ವಿಜಯೋತ್ಸವದ ದಿನವಾದ 1945ರ ಮೇ 8ರಂದು ಪ್ರಕಟವಾದ ಅದರಲ್ಲಿ, ಗಾಯಗೊಂಡ ಯೋಧನೊಬ್ಬ ಗೆಲುವು ಮತ್ತು ಶಾಂತಿಯನ್ನು ಮುಂದೆ ಚಾಚಿ, ‘ಮತ್ತೆ ಕಳೆದುಕೊಳ್ಳಬೇಡಿ’ ಎನ್ನುತ್ತಾನೆ. ಜುಲೈ 5ರ ಮತದಾನದ ದಿನ ಪತ್ರಿಕೆಯು ಅದನ್ನೇ ಮುಖಪುಟದಲ್ಲಿ ಮರುಮುದ್ರಿಸಿತು. ಚಿತ್ರ ಅದೇ, ಮಾತೂ ಅದೇ. ಆದರೆ ಶಾಂತಿಯ ಸಂದೇಶ ಲೇಬರ್ ಪಕ್ಷದ ಪರವಾದ ಮತಯಾಚನೆಯಾಗಿತ್ತು. ಆ ಪಕ್ಷ 393 ಸ್ಥಾನಗಳನ್ನು ಗೆದ್ದು ಅಧಿಕಾರಕ್ಕೆ ಬಂದಿತು. ಹಿಂದೆ ಪತ್ರಿಕೆಯನ್ನು ಮುಚ್ಚಿಸಲು ಹೊರಟಿದ್ದ ಮಾರಿಸನ್ ಅದೇ ಪಕ್ಷದ ನಾಯಕರೆಂಬುದು ಗಮನಾರ್ಹ.

ಚಿತ್ರದ ಅರ್ಥ ರೇಖೆಗಳಲ್ಲಷ್ಟೇ ಇರುವುದಿಲ್ಲ. ಅಡಿಬರಹ, ಪ್ರಕಟಣೆಯ ದಿನ, ನೋಡುವವರ ಭಯ ಮತ್ತು ನಿರೀಕ್ಷೆಗಳೂ ಅದನ್ನು ರೂಪಿಸುತ್ತವೆ. ಇಂದು ಯುದ್ಧದ ಚಿತ್ರಗಳು ಊರು, ದಿನಾಂಕಗಳಿಲ್ಲದೆ ನಮ್ಮ ಮೊಬೈಲುಗಳಿಗೆ ಬಂದು ಬೀಳುತ್ತಿವೆ. ದಿನಾಂಕವಿಲ್ಲದ ಚೆಕ್ಕನ್ನು ಬ್ಯಾಂಕಿನವರಾದ ನಾವು ಅಂಗೀಕರಿಸುವುದಿಲ್ಲ. ಚಿತ್ರಗಳ ವಿಷಯದಲ್ಲೂ ಅಷ್ಟು ಎಚ್ಚರಿಕೆ ವಹಿಸುವುದು ಒಳಿತೆಂದು ನಮ್ಮ ಭಾವನೆ.