ಗಣಿಯ ಕಂಪನಮಾಪನದಿಂದ ಕಟ್ಟಡದ ಎಚ್ಚರಿಕೆಗೆ

ರಟ್ಟೀಹಳ್ಳಿಯ ಕದಂಬೇಶ್ವರದಂತಹ ದೇವಾಲಯಗಳ ಚರಿತ್ರೆಗೆ ನಾವು ಬಹುಮಟ್ಟಿಗೆ ದಾನಶಾಸನಗಳನ್ನೇ ಆಶ್ರಯಿಸುತ್ತೇವೆ. ದತ್ತಿ ಕೊಟ್ಟವರು, ಪಡೆದವರು, ತಿಥಿವಾರಗಳು ಅವುಗಳಲ್ಲಿ ದೊರೆಯುತ್ತವೆ. ತೊಲೆಗಲ್ಲನ್ನು ಏರಿಸುವಾಗ ಅಪಾಯಕ್ಕೀಡಾದವರ ಸುದ್ದಿಯನ್ನು ಹೇಳುವುದು ಅವುಗಳ ಉದ್ದೇಶವಲ್ಲ. ಕೆಲಸಗಾರನ ಅಪಾಯವು ಬರಹಕ್ಕೂ ಅಳತೆಗೂ ವಿಷಯವಾದುದು ನಮ್ಮ ನಾಡಿನಲ್ಲಿ ಈಚಿನ ಸಂಗತಿ. ಅದರ ಮುಖ್ಯ ಅಧ್ಯಾಯವೊಂದು ನಡೆದುದು ಕಟ್ಟಡಗಳಲ್ಲಲ್ಲ, ಕೋಲಾರದ ಚಿನ್ನದ ಗಣಿಗಳಲ್ಲಿ.

ಅಲ್ಲಿ ಸುರಂಗಗಳು ಆಳಕ್ಕಿಳಿದಂತೆಲ್ಲ ಒತ್ತಡಕ್ಕೆ ಸಿಕ್ಕಿದ ಬಂಡೆಯು ಹಠಾತ್ತನೆ ಸಿಡಿಯುತ್ತಿದ್ದಿತು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಅವರು 1904ರಲ್ಲಿಯೇ ಇದನ್ನು ಕುರಿತು ವರದಿಯೊಂದನ್ನು ಪ್ರಕಟಿಸಿದರು. 1912ರಲ್ಲಿ ಅಲ್ಲಿ ಭೂಕಂಪಮಾಪಕವೊಂದನ್ನು ಸ್ಥಾಪಿಸಲಾಯಿತು. ಆದರೆ ಒಂಟಿ ಉಪಕರಣವು ಕಂಪನವಾದ ವೇಳೆಯನ್ನು ಹೇಳಬಲ್ಲುದೇ ಹೊರತು, ಯಾವ ಸುರಂಗದ ಯಾವ ಎಡೆಯಲ್ಲಿ ಎಂಬುದನ್ನು ಹೇಳಲಾರದು. ಆ ಕೊರತೆಯನ್ನು ನೀಗಿದುದು 1978ರ ಸುಮಾರಿಗೆ ಭಾಭಾ ಪರಮಾಣು ಸಂಶೋಧನ ಕೇಂದ್ರದ ನೆರವಿನಿಂದ ಹೂಡಿದ ಜಿಯೋಫೋನುಗಳ ಜಾಲ. ನೆಲದ ಅದುರನ್ನು ವಿದ್ಯುತ್ಸಂಜ್ಞೆಯಾಗಿ ಮಾರ್ಪಡಿಸುವ ಈ ಸಾಧನಗಳನ್ನು ಅಲೆಯು ಬೇರೆಬೇರೆ ಕ್ಷಣಗಳಲ್ಲಿ ಮುಟ್ಟುತ್ತದೆ. ಆ ಕಾಲವ್ಯತ್ಯಾಸದಿಂದ ಸಿಡಿತದ ಸ್ಥಾನವನ್ನು ಗಣಿಸಬಹುದು. ಗಣಿಗಳು 2001ರಲ್ಲಿ ಮುಚ್ಚಿದವು.

ಇಂದು ಕಟ್ಟಡ ಕಟ್ಟುವ ಸ್ಥಳಗಳಿಗಾಗಿ ರೂಪುಗೊಂಡಿರುವ ನಿಸ್ತಂತು ಸಂವೇದಕಗಳ ಜಾಲವನ್ನು ಇದೇ ವಂಶದ್ದೆಂದು ನಾವು ಭಾವಿಸುತ್ತೇವೆ. ಕಂಬದ ಓಲು, ತೊಲೆಯ ಕಂಪನ, ಆಧಾರಗಳ ಮೇಲಿನ ಭಾರ ಇವುಗಳನ್ನು ಸಣ್ಣ ಸಣ್ಣ ಸಾಧನಗಳು ಅಳೆದು, ಒಂದರಿಂದೊಂದಕ್ಕೆ ರೇಡಿಯೋ ಮೂಲಕ ದಾಟಿಸುತ್ತವೆ. ದಿನದಿನಕ್ಕೂ ರೂಪ ಬದಲಿಸುವ ಕಟ್ಟಡದಲ್ಲಿ ತಂತಿಯೆಳೆಯುವುದು ಕಷ್ಟ. ಎಳೆದರೂ ತುಂಡಾಗದೆ ಉಳಿಯದು. ಹಸಿ ಕಾಂಕ್ರೀಟು ರೇಡಿಯೋ ಅಲೆಗಳನ್ನು ಕುಗ್ಗಿಸುವುದೂ, ಬ್ಯಾಟರಿಯು ಮುಗಿಯುವುದೂ ಈ ಜಾಲದ ತೊಡಕುಗಳು. ಆದರೆ ಹಿರಿಯ ತೊಡಕು ಬೇರೆಯೇ ಇದೆ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು 19 ಜನ ಮಡಿದರು. ಮೇಲೆ ಕೆಲಸ ಮುಗಿದಿರದಿದ್ದರೂ ಕೆಳಗೆ ಅಂಗಡಿಗಳು ಆಗಲೇ ತೆರೆದಿದ್ದವು. ಸಂವೇದಕಗಳಿದ್ದರೆ ಅವರು ಬದುಕುತ್ತಿದ್ದರೆಂದು ಊಹಿಸುವುದು ಇತಿಹಾಸಕಾರನಿಗೆ ಸಲ್ಲದು. ಎಚ್ಚರಿಕೆಯು ಯಾರ ಕೈಸೇರುತ್ತಿದ್ದಿತೆಂದು ಕೇಳುವುದು ಮಾತ್ರ ಸಲ್ಲುತ್ತದೆ. ಗಣಿಯಲ್ಲಿ ಜನರನ್ನು ಮೇಲಕ್ಕೆ ಕರೆಸುವ ಅಧಿಕಾರವು ಒಂದೇ ಆಡಳಿತದಲ್ಲಿದ್ದಿತು. ನಗರದ ಕಟ್ಟಡದಲ್ಲಿ ಅದು ಮಾಲೀಕ, ಗುತ್ತಿಗೆದಾರ, ಮೇಸ್ತ್ರಿ, ಪೌರಸಂಸ್ಥೆ ಎಂದು ಹಂಚಿಹೋಗಿದೆ. ಗಂಟೆಯು ಸುಳ್ಳಾಗಿ ಬಾರಿಸಿದರೂ ಆ ದಿನದ ಕೂಲಿಯನ್ನು ಕಳೆದುಕೊಳ್ಳುವವನು ದಿನಗೂಲಿಯವನೇ.